ತಂಡದ ಸದಸ್ಯರೊಬ್ಬರು ಕುಗ್ಗಿದಂತೆ ಕಂಡಾಗ ಮೇಲ್ವಿಚಾರಕರು ಎಲ್ಲಿಯವರೆಗೆ ಮುಂದಾಗಬಹುದು?

ಪ್ರಶ್ನೆ (ತಂಡದ ಮೇಲ್ವಿಚಾರಕಿ)

ಗ್ರಾಹಕರ ದೂರುಗಳನ್ನು ಬಗೆಹರಿಸುವ ಸಣ್ಣ ತಂಡವೊಂದರ ಹೊಣೆ ನನ್ನ ಮೇಲಿದೆ. ತಂಡದ ಅತ್ಯಂತ ಅನುಭವಿ ಸದಸ್ಯರೊಬ್ಬರು ಕೆಲವು ತಿಂಗಳುಗಳಿಂದ ಬದಲಾಗಿದ್ದಾರೆ. ಮೊದಲೆಲ್ಲ ಯಾರೂ ಕೈಹಾಕದ ಪ್ರಕರಣಗಳನ್ನು ತಾವಾಗಿಯೇ ಎತ್ತಿಕೊಳ್ಳುತ್ತಿದ್ದವರು ಈಗ ಕೊಟ್ಟಷ್ಟು ಮಾಡಿ ಸುಮ್ಮನಾಗುತ್ತಾರೆ, ಸಭೆಗಳಲ್ಲಿ ಬಾಯಿ ಬಿಡುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಕಳುಹಿಸಿದ ಅವರ ಇಮೇಲ್‌ಗಳು ಬೆಳಿಗ್ಗೆ ನನ್ನ ಕಣ್ಣಿಗೆ ಬೀಳುತ್ತವೆ. ಹಿಂದೆಂದೂ ತಪ್ಪು ಕಾಣದಿದ್ದ ಅವರ ವರದಿಗಳಲ್ಲಿ ಸಣ್ಣಪುಟ್ಟ ಲೋಪಗಳು ಇಣುಕತೊಡಗಿವೆ.

ನಮ್ಮ ಸಂಸ್ಥೆ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿದೆ ಎಂದು ಹೇಳಲಾರೆ. ಎಲ್ಲರ ಫೋನಿನಲ್ಲೂ ಧ್ಯಾನದ ಆ್ಯಪ್ ಇದೆ, ವಾರಕ್ಕೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ತರಗತಿ ನಡೆಯುತ್ತದೆ, ಹೊರಗಿನ ಆಪ್ತಸಮಾಲೋಚಕರಿಗೆ ಉಚಿತವಾಗಿ ಕರೆ ಮಾಡುವ ಸೌಲಭ್ಯವೂ ಇದೆ. ಆದರೆ ಆ ತರಗತಿಗೆ ಹೋಗುವವರೆಲ್ಲ ಮೊದಲೇ ಆರಾಮವಾಗಿರುವವರು. ನಾನು ಯಾರ ಬಗ್ಗೆ ಚಿಂತಿಸುತ್ತಿದ್ದೇನೆಯೋ ಅವರು ಆ ಹೊತ್ತಿನಲ್ಲಿ ಬಾಕಿ ಕೆಲಸ ಮುಗಿಸುತ್ತಿರುತ್ತಾರೆ. ಇದರ ಮೇಲೆ ಈಗ ಎಚ್‌ಆರ್ ವಿಭಾಗದವರು, ಪ್ರತಿಯೊಬ್ಬರೂ ಹೆಸರು ಬರೆದು ತುಂಬಬೇಕಾದ ಒತ್ತಡ ಮಾಪನದ ಪ್ರಶ್ನಾವಳಿಯೊಂದನ್ನು ಕಳುಹಿಸಿ, ಪ್ರತಿಯೊಬ್ಬರ ಅಂಕಗಳನ್ನು ನನಗೆ ತಲುಪಿಸುವುದಾಗಿ ತಿಳಿಸಿದ್ದಾರೆ.

ನನಗೆ ಸ್ಪಷ್ಟತೆ ಬೇಕಾಗಿರುವುದು ಇಷ್ಟು. ಅವರನ್ನು ನೇರವಾಗಿ ಕೇಳುವುದು ಅವರ ಖಾಸಗಿ ಬದುಕಿನೊಳಗೆ ಕಾಲಿಟ್ಟಂತಾಗುವುದಿಲ್ಲವೇ? ಕೇಳಿದ ಮೇಲೆ ಅವರು ಏನಾದರೂ ಹೇಳಿಕೊಂಡರೆ ಅದನ್ನು ನಾನು ಮೇಲಿನವರಿಗೆ ತಿಳಿಸಲೇಬೇಕೇ? ಹೆಸರು ಹಾಕಿದ ಪ್ರಶ್ನಾವಳಿಯಿಂದ ನಿಜವಾಗಿ ಉಪಯೋಗವಿದೆಯೇ? ಮನಶ್ಶಾಸ್ತ್ರದ ತರಬೇತಿ ನನಗಿಲ್ಲ, ವೈದ್ಯಳಂತೆ ನಡೆದುಕೊಳ್ಳುವ ಆಸೆಯೂ ಇಲ್ಲ. ಹಾಗೆಂದು ಕಂಡೂ ಕಾಣದಂತೆ ಇರಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1 (ಔದ್ಯೋಗಿಕ ಆರೋಗ್ಯ ವಿಭಾಗದ ಉದ್ಯೋಗಿ)

ನಿಮ್ಮ ಪ್ರಶ್ನೆಯೊಳಗೇ ಒಂದು ಸುಳಿವಿದೆ. ಸಂಸ್ಥೆ ಕೊಟ್ಟಿರುವ ಸೌಲಭ್ಯಗಳನ್ನೆಲ್ಲ ನೀವು ಹೆಸರಿಸಿದ್ದೀರಿ, ಅವುಗಳಲ್ಲಿ ಪ್ರತಿಯೊಂದೂ ಉದ್ಯೋಗಿಯನ್ನು ಬದಲಿಸಲು ಹೊರಟಿದೆ, ಒಂದೂ ಕೆಲಸವನ್ನು ಮುಟ್ಟುವುದಿಲ್ಲ. ಆ ಸದಸ್ಯರ ಮನಸ್ಸಿನೊಳಗೆ ಏನಿದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಅವರ ಮೇಜಿನ ಮೇಲೆ ಏನಿದೆ ಎಂಬುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಆದ್ದರಿಂದ ಅವರೊಡನೆ ಮಾತನಾಡುವ ಮೊದಲು ಅಥವಾ ಅದರ ಜೊತೆಜೊತೆಗೇ, ಅವರ ಕೆಲಸದ ಪಟ್ಟಿಯನ್ನು ತೆರೆದು ಕೂರಿ ಎಂಬುದು ನನ್ನ ಮೊದಲ ಸಲಹೆ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಉದ್ಯೋಗಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಪ್ರಕಟಿಸಿದಾಗ, ಕೆಲಸದ ಪರಿಸ್ಥಿತಿಯನ್ನೇ ಸುಧಾರಿಸುವ ಸಾಂಸ್ಥಿಕ ಕ್ರಮಗಳನ್ನು ಮೊದಲಿಗಿಟ್ಟು, ಅದರ ನಂತರ ಮೇಲ್ವಿಚಾರಕರ ತರಬೇತಿ, ಉದ್ಯೋಗಿಗಳ ತರಬೇತಿ, ವೈಯಕ್ತಿಕ ನೆರವು, ರಜೆಯ ನಂತರ ಕೆಲಸಕ್ಕೆ ಮರಳುವುದು ಮುಂತಾದವನ್ನು ಚರ್ಚಿಸಿತು. ಅದೇ ಸಮಯದಲ್ಲಿ ಆ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಮುಂದಿಟ್ಟ ಅಂದಾಜಿನ ಪ್ರಕಾರ, ಖಿನ್ನತೆ ಮತ್ತು ಆತಂಕದಿಂದಾಗಿ ಜಗತ್ತು ಪ್ರತಿವರ್ಷ ಸುಮಾರು 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ. ಈ ಅಂಕಿಯನ್ನು ಭಾಷಣಗಳಲ್ಲಿ ಬಹಳ ಬಳಸುತ್ತಾರೆ, ಆದರೆ ಅದರ ಬೆನ್ನಿಗಿದ್ದ ಶಿಫಾರಸುಗಳ ಕ್ರಮವನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ. ಆ್ಯಪ್ ಕೊಳ್ಳುವುದು ಸುಲಭ, ಕೆಲಸದ ಹಂಚಿಕೆಯನ್ನು ಬದಲಿಸುವುದು ಕಷ್ಟ ಎಂಬುದೇ ಇದಕ್ಕೆ ಕಾರಣವಿರಬೇಕು.

ಕೆಲಸದ ಯಾವ ಗುಣ ಮನುಷ್ಯನನ್ನು ಹಣ್ಣುಮಾಡುತ್ತದೆ ಎಂಬುದರ ಬಗ್ಗೆ ಹಳೆಯ ಮತ್ತು ಗಟ್ಟಿಯಾದ ಅಧ್ಯಯನಗಳಿವೆ. ರಾಬರ್ಟ್ ಕರಸೆಕ್ 1979ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ಬರೀ ಹೆಚ್ಚು ಕೆಲಸವಿದ್ದರೆ ಆಗುವ ಹಾನಿಗಿಂತ, ಹೆಚ್ಚು ಕೆಲಸವಿದ್ದು ಅದನ್ನು ಯಾವಾಗ, ಹೇಗೆ ಮಾಡಬೇಕೆಂಬುದರ ಮೇಲೆ ಯಾವ ಹಿಡಿತವೂ ಇಲ್ಲದಿದ್ದರೆ ಆಗುವ ಹಾನಿ ದೊಡ್ಡದು. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಲವು ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿಯೂ, ಕೆಲಸದ ಮೇಲೆ ಕಡಿಮೆ ಹಿಡಿತವಿದ್ದವರಲ್ಲಿ ಹೃದ್ರೋಗದ ಪ್ರಮಾಣ ಹೆಚ್ಚಿರುವುದು ಕಂಡುಬಂತು. 1996ರಲ್ಲಿ ಜೋಹಾನೆಸ್ ಸೀಗ್ರಿಸ್ಟ್ ಇನ್ನೊಂದು ಅಂಶವನ್ನು ಮುಂದೆ ತಂದರು: ಪಟ್ಟ ಶ್ರಮಕ್ಕೆ ತಕ್ಕ ಸಂಬಳ, ಮನ್ನಣೆ, ಭದ್ರತೆ ದೊರೆಯದಿದ್ದಾಗ ಆ ಅಸಮತೋಲನವೇ ರೋಗಕ್ಕೆ ದಾರಿಯಾಗುತ್ತದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಇಂಥ ತಿಳಿವಳಿಕೆಯ ಬುನಾದಿಯ ಮೇಲೆ ಬೇಡಿಕೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರ, ಬದಲಾವಣೆ ಎಂಬ ಆರು ವಿಷಯಗಳನ್ನು ಪರಿಶೀಲಿಸುವಂತೆ ಉದ್ಯೋಗದಾತರಿಗೆ ಹೇಳುತ್ತದೆ. ನಿಮ್ಮ ಸದಸ್ಯರ ಮಟ್ಟಿಗೆ ಈ ಆರನ್ನೂ ಒಂದೊಂದಾಗಿ ಕೇಳಿಕೊಂಡು ನೋಡಿ. ಯಾವ ಬಗೆಯ ಪ್ರಕರಣಗಳು ಅವರಿಗೆ ಹೋಗುತ್ತಿವೆ, ಅವುಗಳನ್ನು ಬೇಡವೆನ್ನುವ ಅಧಿಕಾರ ಅವರಿಗಿದೆಯೇ, ಸಿಟ್ಟಿಗೆದ್ದ ಗ್ರಾಹಕನಿಗೆ ಪರಿಹಾರ ಕೊಡುವ ಅಧಿಕಾರವಿಲ್ಲದೆ ಬರೀ ಸಮಾಧಾನ ಹೇಳುವ ಕೆಲಸವಷ್ಟೇ ಅವರ ಪಾಲಿಗೆ ಬಂದಿದೆಯೇ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಪ್ರಶ್ನಾವಳಿಯ ವಿಚಾರದಲ್ಲಿ ನನ್ನ ನಿಲುವು ಖಚಿತವಾಗಿದೆ: ಹೆಸರು ಸಮೇತ ಅಂಕಗಳು ಮೇಲ್ವಿಚಾರಕರ ಕೈಗೆ ಬರಬಾರದು. ಕೆಲಸದ ಅವಧಿಯಲ್ಲಿ ಹೀಗೆ ಎಲ್ಲರನ್ನೂ ತಪಾಸಿಸುವುದರಿಂದ ಹಾನಿಗಿಂತ ಪ್ರಯೋಜನವೇ ಹೆಚ್ಚೆಂಬುದು ಸ್ಪಷ್ಟವಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಅದರ ಪರವಾಗಿಯೂ ವಿರುದ್ಧವಾಗಿಯೂ ಶಿಫಾರಸು ಮಾಡಲಿಲ್ಲ. ಜಪಾನಿನಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಉದ್ಯೋಗಸ್ಥಳಗಳು ವರ್ಷಕ್ಕೊಮ್ಮೆ ಒತ್ತಡ ತಪಾಸಣೆ ನಡೆಸಬೇಕೆಂಬ ನಿಯಮ 2015ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅಲ್ಲಿಯೂ ಫಲಿತಾಂಶ ನೇರವಾಗಿ ಉದ್ಯೋಗಿಗೆ ತಲುಪುತ್ತದೆಯೇ ಹೊರತು, ಅವರ ಒಪ್ಪಿಗೆಯಿಲ್ಲದೆ ಉದ್ಯೋಗದಾತರಿಗೆ ಸಿಗುವುದಿಲ್ಲ. ವಿಭಾಗವಾರು ಒಟ್ಟು ಫಲಿತಾಂಶವನ್ನು ಮಾತ್ರ ಕೆಲಸದ ವಾತಾವರಣ ಸುಧಾರಿಸಲು ಬಳಸಬಹುದು. ನಿಮ್ಮ ತಂಡ ಸಣ್ಣದಾದ್ದರಿಂದ ಹೆಸರು ತೆಗೆದರೂ ಯಾರು ಏನು ಬರೆದರೆಂಬುದು ಗೊತ್ತಾಗಿಬಿಡುತ್ತದೆ, ಹಾಗಾಗಿ ದೊಡ್ಡ ವಿಭಾಗದೊಡನೆ ಸೇರಿಸಿಯೇ ಫಲಿತಾಂಶ ಕೊಡಬೇಕೆಂದು ಲಿಖಿತವಾಗಿ ಕೇಳಿ. ವಾರ್ಷಿಕ ಮೌಲ್ಯಮಾಪನ ಮಾಡುವವರೇ ಅಂಕಗಳನ್ನು ನೋಡುತ್ತಾರೆಂದು ತಿಳಿದರೆ, ನಿಜವಾಗಿ ತೊಂದರೆಯಲ್ಲಿರುವವರೇ ಎಲ್ಲವೂ ಸರಿಯಿದೆ ಎಂದು ಗುರುತು ಹಾಕುತ್ತಾರೆ.

ಉತ್ತರ 2 (ಆಪ್ತಸಮಾಲೋಚಕಿ)

ಮೇಲಿನ ಉತ್ತರ ಕೆಲಸದ ಕಡೆಯಿಂದ ಬಂದಿದೆ, ನಾನು ಮಾತುಕತೆಯ ಬಗ್ಗೆ ಬರೆಯುತ್ತೇನೆ. ಕೇಳುವುದು ತಪ್ಪಲ್ಲ. ಯಾವುದನ್ನು ಕೇಳುತ್ತೀರಿ ಎಂಬುದರಲ್ಲಿ ಸರಿತಪ್ಪು ಇರುತ್ತದೆ. ನೀವು ಕಣ್ಣಾರೆ ಕಂಡ ಸಂಗತಿಗಳ ಬಗ್ಗೆ ಕೇಳುವ ಹಕ್ಕು ನಿಮಗಿದೆ, ನೀವು ಊಹಿಸಿದ ಕಾಯಿಲೆಯ ಬಗ್ಗೆ ಇಲ್ಲ. "ನಿಮಗೆ ಖಿನ್ನತೆಯಿರಬಹುದೇ?" ಎಂದು ಕೇಳಿದರೆ ಎದುರಿಗಿರುವವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. ಅದರ ಬದಲು ಇಂಥ ಮಾತುಗಳಿಂದ ಆರಂಭಿಸಬಹುದು: "ಈಚೆಗೆ ನಿಮ್ಮ ಇಮೇಲ್‌ಗಳು ನಡುರಾತ್ರಿ ಬರುತ್ತಿವೆ, ಸಭೆಗಳಲ್ಲಿಯೂ ನೀವು ಮೊದಲಿನಂತೆ ಮಾತನಾಡುತ್ತಿಲ್ಲ. ತಪ್ಪು ಎತ್ತಿ ತೋರಿಸಲು ಕರೆದದ್ದಲ್ಲ. ಕೆಲಸದಲ್ಲಿ ಏನಾದರೂ ಭಾರವಾಗುತ್ತಿದೆಯೇ ಎಂದು ಕೇಳಬೇಕೆನಿಸಿತು." ಇಷ್ಟು ಹೇಳಿದ ಮೇಲೆ ನಿಲ್ಲಿಸಿ. ಆ ನಂತರದ ಮೌನವನ್ನು ತುಂಬಲು ಹೋಗಿ ಹೆಚ್ಚಿನ ಮೇಲ್ವಿಚಾರಕರು ಕೆಲಸ ಕೆಡಿಸುತ್ತಾರೆ. ಉತ್ತರ ಬರುವ ಮೊದಲೇ ಪರಿಹಾರ ಹೇಳುತ್ತಾರೆ, ಇಲ್ಲವೇ ತಮ್ಮದೇ ಕಷ್ಟದ ಕಥೆಗೆ ಇಳಿಯುತ್ತಾರೆ.

ಸ್ಥಳವೂ ಸಮಯವೂ ಮುಖ್ಯ. ಗಾಜಿನ ಗೋಡೆಯ ಕೋಣೆ ಬೇಡ, ಏಕೆಂದರೆ ಅಳು ಬಂದರೆ ಇಡೀ ಕಚೇರಿಗೆ ಕಾಣುತ್ತದೆ. ಕೆಲಸದ ದಿನದ ಕೊನೆಯ ಗಳಿಗೆಯೂ ಬೇಡ, ಏಕೆಂದರೆ ಮನಸ್ಸು ಬಿಚ್ಚಿಟ್ಟ ಕೂಡಲೇ ಅವರು ಒಬ್ಬರೇ ಹೊರಟುಬಿಡಬೇಕಾಗುತ್ತದೆ. ಆಹ್ವಾನ ಕಳುಹಿಸುವಾಗ "ನಿಮ್ಮೊಡನೆ ಮಾತನಾಡಬೇಕಿದೆ" ಎಂದಷ್ಟೇ ಬರೆದರೆ, ಮೊದಲೇ ಆತಂಕದಲ್ಲಿರುವವರು ಕೆಲಸ ಹೋಯಿತೆಂದೇ ತಿಳಿದು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. "ಕೆಲಸದ ಹೊರೆಯ ಬಗ್ಗೆ ಚರ್ಚೆ, ಗಾಬರಿಪಡುವಂಥದ್ದೇನಿಲ್ಲ" ಎಂದು ಅಲ್ಲಿಯೇ ಸ್ಪಷ್ಟಪಡಿಸಿ.

ಬಹುಶಃ ಅವರು "ಏನಿಲ್ಲ, ಚೆನ್ನಾಗಿದ್ದೇನೆ" ಎನ್ನುತ್ತಾರೆ. ಮೊದಲ ಸಲ ಹೆಚ್ಚಿನವರು ಹೇಳುವುದು ಹೀಗೆಯೇ. ಅದನ್ನು ಒತ್ತಾಯದಿಂದ ಬಗೆಯಬೇಡಿ. ಬೇಕೆನಿಸಿದಾಗ ಬರಬಹುದೆಂದು ಹೇಳಿ, ಕೆಲಸಕ್ಕೆ ಸಂಬಂಧಿಸಿದ ಒಂದು ಸಣ್ಣ ಬದಲಾವಣೆಯನ್ನು ಮುಂದಿಟ್ಟು, ಒಂದೆರಡು ವಾರಗಳಲ್ಲಿ ಮತ್ತೆ ಮಾತನಾಡುವ ದಿನ ಗೊತ್ತುಮಾಡಿಕೊಳ್ಳಿ. ಎರಡನೆಯ ಸಲ ನೀವು ನಿಜಕ್ಕೂ ಕೇಳಿಕೊಂಡು ಬಂದಾಗ ನಂಬಿಕೆ ಹುಟ್ಟುತ್ತದೆ. "ಧೈರ್ಯ ತಂದುಕೊಳ್ಳಿ", "ಒತ್ತಡ ಯಾರಿಗಿಲ್ಲ ಹೇಳಿ", "ನಿಮ್ಮಂಥ ಗಟ್ಟಿಗರಿಗೇ ಹೀಗಾದರೆ ಹೇಗೆ" ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ, ಆದರೆ ಕೇಳಿಸಿಕೊಂಡವರು ಇನ್ನು ಮುಂದೆ ಬಾಯಿ ಬಿಡಬಾರದೆಂದು ತೀರ್ಮಾನಿಸುತ್ತಾರೆ.

ಗೌಪ್ಯತೆಯ ವಿಚಾರದಲ್ಲಿ ನೀವು ಎಷ್ಟನ್ನು ಉಳಿಸಿಕೊಳ್ಳಬಲ್ಲಿರೋ ಅಷ್ಟನ್ನೇ, ಮಾತಿನ ಆರಂಭದಲ್ಲಿಯೇ ಭರವಸೆ ಕೊಡಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ, "ನೀವು ಹೇಳಿದ್ದು ನನ್ನಲ್ಲಿಯೇ ಇರುತ್ತದೆ. ಕೆಲಸದ ವೇಳೆ ಬದಲಿಸಲು ಎಚ್‌ಆರ್ ಒಪ್ಪಿಗೆ ಬೇಕಾದರೆ, ಆರೋಗ್ಯದ ಕಾರಣ ಎಂದಷ್ಟೇ, ಅದೂ ನಿಮ್ಮನ್ನು ಕೇಳಿಯೇ ತಿಳಿಸುತ್ತೇನೆ. ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಸುಮ್ಮನಿರಲಾರೆ" ಎನ್ನುವುದು ಪ್ರಾಮಾಣಿಕವಾದದ್ದು. ಕಿರುಕುಳ ಅಥವಾ ದೌರ್ಜನ್ಯದ ಸಂಗತಿ ಹೊರಬಿದ್ದರೆ ಅದನ್ನು ತಿಳಿಸಲೇಬೇಕಾದ ಹೊಣೆ ಅನೇಕ ಸಂಸ್ಥೆಗಳಲ್ಲಿ ಮೇಲ್ವಿಚಾರಕರ ಮೇಲಿರುತ್ತದೆ. ಅದನ್ನು ಮೊದಲೇ ತಿಳಿದುಕೊಂಡು ಹೋಗಿ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಬಾಯಲ್ಲಿ ಆಡಲೂ ಹೆದರುತ್ತಾರೆ. "ಇದ್ದು ಏನು ಪ್ರಯೋಜನ" ಎಂಬ ಅರ್ಥದ ಮಾತು ಬಂದರೆ, ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ನೇರವಾದ ಪದಗಳಲ್ಲಿ ಶಾಂತವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ, ಕೇಳಿದ್ದರಿಂದ ಎದೆಯ ಭಾರ ಇಳಿಯಿತೆಂದು ಹೇಳುವವರೂ ಇದ್ದಾರೆ. ಹೌದೆಂಬ ಉತ್ತರ ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅವರು ನಂಬುವ ಒಬ್ಬರನ್ನು ಕರೆಸಿ, ನಿಮ್ಮಲ್ಲಿರುವ ತುರ್ತು ಸೇವೆಯನ್ನೋ ಆತ್ಮಹತ್ಯೆ ತಡೆ ಸಹಾಯವಾಣಿಯನ್ನೋ ಆ ಕ್ಷಣವೇ ಸಂಪರ್ಕಿಸಿ. ಆ ಸಂಖ್ಯೆಗಳನ್ನು ಹುಡುಕುವ ಕೆಲಸ ಮಾತುಕತೆಗೆ ಮುಂಚೆಯೇ ಮುಗಿದಿರಲಿ. ಅಲ್ಲಿಂದ ಮುಂದಿನದು ವೈದ್ಯರ ಕೆಲಸ.

ಉತ್ತರ 3 (ದೀರ್ಘ ರಜೆಯ ನಂತರ ಕೆಲಸಕ್ಕೆ ಮರಳಿದವನು)

ಖಿನ್ನತೆಗೆ ಚಿಕಿತ್ಸೆ ಪಡೆದು, ಕೆಲವು ತಿಂಗಳ ರಜೆಯ ನಂತರ ಮರಳಿದ ಅನುಭವ ನನ್ನದು. ಪ್ರಶ್ನೆಯಲ್ಲಿ ಈ ಭಾಗ ಬಂದಿಲ್ಲ, ಆದರೆ ನಿಮ್ಮ ಸದಸ್ಯರು ಮುಂದೆ ರಜೆ ತೆಗೆದುಕೊಂಡರೆ ನಿಮ್ಮ ನಿಜವಾದ ಕೆಲಸ ಅವರು ಮರಳಿ ಬರುವ ದಿನ ಆರಂಭವಾಗುತ್ತದೆ. ರಜೆ ಮಂಜೂರು ಮಾಡುವುದು ಒಂದು ಸಹಿಯ ಮಾತು.

ರಜೆಯಲ್ಲಿದ್ದಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇಮೇಲ್. ಓದದೆ ಬಿಟ್ಟ ಪತ್ರಗಳ ಸಂಖ್ಯೆ ಏರುತ್ತಲೇ ಇದೆ ಎಂಬ ಅರಿವೇ ಮರಳುವ ಧೈರ್ಯವನ್ನು ದಿನದಿನಕ್ಕೂ ಕರಗಿಸುತ್ತಿತ್ತು. ನನ್ನ ಮ್ಯಾನೇಜರ್ ಯಾರೂ ಹೇಳಿಕೊಡದಿದ್ದರೂ ಒಂದು ಕೆಲಸ ಮಾಡಿದ್ದರು. ನಾನು ಬರುವ ಮುನ್ನ ನನ್ನ ಒಪ್ಪಿಗೆ ಪಡೆದು, ಹಳೆಯ ಪತ್ರಗಳನ್ನೆಲ್ಲ ಒಂದು ಫೋಲ್ಡರಿಗೆ ಸರಿಸಿ, ನಿಜವಾಗಿ ತಿಳಿಯಬೇಕಾದ ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆದಿಟ್ಟು, "ಫೋಲ್ಡರಿನಲ್ಲಿರುವುದನ್ನು ನೀವು ತೆರೆಯಬೇಕಾಗಿಲ್ಲ, ಮುಖ್ಯವಾದದ್ದಿದ್ದರೆ ಅವರೇ ಮತ್ತೆ ಬರೆಯುತ್ತಾರೆ" ಎಂದು ಮೇಲೆ ಟಿಪ್ಪಣಿ ಹಚ್ಚಿದ್ದರು. ಆ ಒಂದು ಪುಟ ನನಗೆ ಮಾಡಿದ ಉಪಕಾರವನ್ನು ಯಾವ ವಿಶ್ರಾಂತಿ ತರಗತಿಯೂ ಮಾಡಿರಲಾರದು. ಹೊರಗಿನವರಿಗೆ ಕ್ಷುಲ್ಲಕವಾಗಿ ಕಾಣಬಹುದು.

ಅರ್ಧ ದಿನದ ಕೆಲಸದಿಂದ ಆರಂಭಿಸುವಾಗ ವೇಳೆಯನ್ನು ಕಡಿಮೆ ಮಾಡಿ ಕೆಲಸವನ್ನು ಹಾಗೆಯೇ ಉಳಿಸುವ ಪದ್ಧತಿ ಬಹಳ ಕಡೆ ಇದೆ. ಅದರಿಂದ ಮೊದಲಿಗಿಂತ ಹೆಚ್ಚಿನ ಒತ್ತಡವನ್ನು ಕಡಿಮೆ ಸಂಬಳಕ್ಕೆ ಅನುಭವಿಸಿದಂತಾಗುತ್ತದೆ, ಅಷ್ಟೇ. ಅರ್ಧ ದಿನವೆಂದರೆ ಅರ್ಧ ಪ್ರಕರಣಗಳು ಎಂದು ಸಂಖ್ಯೆಯಲ್ಲಿಯೇ ಬರೆದಿಡಿ. ವೇಳೆ ನಿಗದಿ ಮಾಡುವಾಗ ಔಷಧಿಯ ವಿಷಯವನ್ನೂ ಗಮನದಲ್ಲಿಡಿ. ನಾನು ರಾತ್ರಿ ತೆಗೆದುಕೊಳ್ಳುತ್ತಿದ್ದ ಮಾತ್ರೆಯಿಂದ ಬೆಳಗಿನ ಹೊತ್ತು ತಲೆ ಮಂದವಾಗಿರುತ್ತಿತ್ತು, ಮಧ್ಯಾಹ್ನದ ವೇಳೆಗೆ ಚುರುಕಾಗುತ್ತಿದ್ದೆ. ಕಚೇರಿಯವರು ದಯೆಯಿಂದಲೇ ಬೆಳಗಿನ ಪಾಳಿ ಕೊಟ್ಟಿದ್ದರು, ಬೇಗ ಮನೆಗೆ ಹೋಗಲೆಂದು! ಯಾವ ಮಾತ್ರೆ, ಯಾವ ಕಾಯಿಲೆ ಎಂದು ಕೇಳುವ ಅಗತ್ಯವಿಲ್ಲ, "ದಿನದ ಯಾವ ಹೊತ್ತು ನಿಮಗೆ ಅನುಕೂಲ?" ಎಂದು ಕೇಳಿದರೆ ಸಾಕು.

ಸಹೋದ್ಯೋಗಿಗಳಿಗೆ ಏನು ಹೇಳಬೇಕು ಎಂಬುದನ್ನು ಮರಳುವವರೇ ನಿರ್ಧರಿಸಲಿ, ಆದರೆ ನಿರ್ಧರಿಸುವಂತೆ ಮೊದಲೇ ನೆನಪಿಸಿ. "ಆರೋಗ್ಯ ಸರಿಯಿರಲಿಲ್ಲ, ಈಗ ಸುಧಾರಿಸಿದೆ" ಎಂಬ ಒಂದು ವಾಕ್ಯವನ್ನು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೆವು, ಯಾರು ಕೇಳಿದರೂ ಇಬ್ಬರ ಬಾಯಲ್ಲೂ ಅದೇ ಬರುತ್ತಿತ್ತು. ಆಮೇಲೆ, ದಯವಿಟ್ಟು ನಮ್ಮೊಡನೆ ದನಿ ತಗ್ಗಿಸಿ ಮಾತನಾಡಬೇಡಿ. ನನ್ನ ತಪ್ಪುಗಳನ್ನು ಮೊದಲಿನಂತೆಯೇ ತಿದ್ದತೊಡಗಿದ ದಿನ, ನನ್ನನ್ನು ಮತ್ತೆ ಕೆಲಸಗಾರನೆಂದು ಲೆಕ್ಕಕ್ಕೆ ತೆಗೆದುಕೊಂಡರಲ್ಲ ಎಂದು ನನಗೆ ನಿರಾಳವಾಯಿತು. ರಜೆಯ ತಿಂಗಳುಗಳನ್ನು ವಾರ್ಷಿಕ ಗುರಿಯಿಂದ ಕಳೆದು ಮೌಲ್ಯಮಾಪನ ಮಾಡುವಂತೆ ಎಚ್‌ಆರ್‌ನವರಿಂದ ಮೊದಲೇ ಬರೆಸಿಕೊಳ್ಳಿ. ಇದನ್ನು ಬಾಯಿಮಾತಿಗೆ ಬಿಟ್ಟ ಕಡೆಗಳಲ್ಲಿ ವರ್ಷದ ಕೊನೆಗೆ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ.

ಉತ್ತರ 4 (ಸಣ್ಣ ಉದ್ಯಮ ನಡೆಸುವವರು)

ಮೊದಲ ಉತ್ತರದ ಒಂದು ಧಾಟಿಯ ಬಗ್ಗೆ ನನಗೆ ತಕರಾರಿದೆ. ಕೆಲಸವನ್ನು ಸರಿಪಡಿಸುವುದೇ ಮೊದಲೆಂಬುದನ್ನು ಒಪ್ಪುತ್ತೇನೆ, ಆದರೆ ವೈಯಕ್ತಿಕ ನೆರವೆಲ್ಲ ತೋರಿಕೆಯದೆಂಬ ತೀರ್ಮಾನಕ್ಕೆ ಓದುಗರು ಬರಬಾರದು. ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಸಮೀಕ್ಷೆಯನ್ನು ಆಧರಿಸಿ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂಥ ಚರ್ಚೆಗಳಲ್ಲಿ ಪದೇಪದೇ ಎತ್ತುತ್ತಾರೆ. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ತರಗತಿ ಮುಂತಾದವುಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಉತ್ತಮ ಸ್ಥಿತಿಯಲ್ಲಿರಲಿಲ್ಲ ಎಂದು ಅದು ಹೇಳಿದ್ದು ನಿಜ. ಸ್ವಯಂಸೇವೆಯ ಅವಕಾಶವೊಂದೇ ಅದಕ್ಕೆ ಅಪವಾದವಾಗಿ ಕಂಡುಬಂತು. ಆದರೆ ಅದು ಪ್ರತಿಯೊಬ್ಬರನ್ನೂ ಒಂದೇ ಸಲ ಕೇಳಿದ ಸಮೀಕ್ಷೆ, ಮೊದಲು ಮತ್ತು ನಂತರದ ಸ್ಥಿತಿಯ ಹೋಲಿಕೆಯಲ್ಲ. ಮೊದಲೇ ನೊಂದವರು ಅಂಥ ಸೌಲಭ್ಯಗಳ ಕಡೆಗೆ ಹೆಚ್ಚು ಹೋಗಿರುವ ಸಾಧ್ಯತೆಯನ್ನು ಅದರಿಂದ ಪೂರ್ತಿಯಾಗಿ ತಳ್ಳಿಹಾಕಲಾಗದು.

ಎಲ್ಲರಿಗೂ ಹಂಚುವ ಆ್ಯಪ್ ಬೇರೆ, ತೊಂದರೆಯಲ್ಲಿರುವ ಒಬ್ಬರಿಗೆ ಅರ್ಹ ಚಿಕಿತ್ಸಕರು ಕೊಡುವ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಿಕೊಳ್ಳಲು ನೆರವಾಗುವ ಮಾತುಕತೆಯ ಚಿಕಿತ್ಸೆ) ಬೇರೆ. ಎರಡನೆಯದು ಖಿನ್ನತೆ ಮತ್ತು ಆತಂಕಗಳಲ್ಲಿ ಪರಿಣಾಮಕಾರಿಯೆಂಬುದರಲ್ಲಿ ಸಂಶಯವಿಲ್ಲ. ನಮ್ಮಲ್ಲಿ ಸಮಾಲೋಚನೆಯ ಸೌಲಭ್ಯವನ್ನು ಬಹುಕಾಲ ಯಾರೂ ಬಳಸಲಿಲ್ಲ. ಕಾರಣ ಕೇಳಿದಾಗ, ಕರೆ ಮಾಡಿದವರ ಹೆಸರು ನನಗೆ ಬರುತ್ತದೆಂದು ಎಲ್ಲರೂ ನಂಬಿದ್ದಾರೆಂದು ತಿಳಿಯಿತು. ಸೇವೆ ಕೊಡುವವರು ನಮಗೆ ಕಳುಹಿಸುವ ವರದಿಯಲ್ಲಿ ಕರೆಗಳ ಒಟ್ಟು ಸಂಖ್ಯೆಯ ಹೊರತು ಬೇರೇನೂ ಇರುವುದಿಲ್ಲ. ಆ ವರದಿಯ ಒಂದು ಪ್ರತಿಯನ್ನೇ ಎಲ್ಲರ ಮುಂದಿಟ್ಟ ಮೇಲೆ ಜನ ಕರೆ ಮಾಡಲು ಆರಂಭಿಸಿದರು. ಪ್ರಶ್ನೆ ಕೇಳಿದವರು ತಮ್ಮ ಸಂಸ್ಥೆಯಲ್ಲಿಯೂ ಆ ವರದಿಯಲ್ಲಿ ಏನಿರುತ್ತದೆ ಎಂದು ವಿಚಾರಿಸಿ, ಉತ್ತರವನ್ನು ಲಿಖಿತವಾಗಿ ಪಡೆದು ತಂಡಕ್ಕೆ ತೋರಿಸಲಿ.

ಪ್ರಶ್ನೆ ಕೇಳಿದವರಿಂದ (ತಂಡದ ಮೇಲ್ವಿಚಾರಕಿ)

ಎಲ್ಲರಿಗೂ ಧನ್ಯವಾದಗಳು. ಮೊದಲ ಉತ್ತರ ಓದಿದ ಮೇಲೆ ದೂರುಗಳ ಹಂಚಿಕೆಯ ದಾಖಲೆಯನ್ನು ತೆಗೆದು ನೋಡಿದೆ. ಒಬ್ಬ ಗ್ರಾಹಕನ ದೂರು ಮೂರನೆಯ ಬಾರಿ ಬಂದರೆ ಅದು ತಾನಾಗಿಯೇ ಈ ಸದಸ್ಯರ ಹೆಸರಿಗೆ ಹೋಗುವಂತೆ, ನಾನು ಈ ಹುದ್ದೆಗೆ ಬರುವ ಮೊದಲೇ ಯಾರೋ ವ್ಯವಸ್ಥೆ ಮಾಡಿದ್ದಾರೆ. ಆಗ ಇಂಥ ದೂರುಗಳು ಅಪರೂಪವಾಗಿದ್ದವು, ಈಚೆಗೆ ಬಹಳ ಹೆಚ್ಚಿವೆ. ಲೆಕ್ಕದಲ್ಲಿ ಎಲ್ಲರಿಗೂ ಸಮಾನ ಸಂಖ್ಯೆಯ ಪ್ರಕರಣಗಳು ಕಾಣುವುದರಿಂದ ಯಾರ ಗಮನಕ್ಕೂ ಬಂದಿಲ್ಲ. ಎರಡು ಬಾರಿ ನಿರಾಶರಾಗಿ ಕುದಿಯುತ್ತಿರುವವರೆಲ್ಲ ದಿನವಿಡೀ ಇವರೊಬ್ಬರ ಕಿವಿಗೇ ಬೀಳುತ್ತಿದ್ದಾರೆ, ಹಣ ಮರಳಿಸುವ ಅಧಿಕಾರ ಮಾತ್ರ ಅವರಿಗಿಲ್ಲ.

ಅವರೊಡನೆ ಮಾತನಾಡಿದೆ. ಏನೂ ಇಲ್ಲವೆಂದೇ ಹೇಳಿದರು. ದಾಖಲೆಯನ್ನು ತೋರಿಸಿದಾಗ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಇದು ತಮಗೆ ಗೊತ್ತಿತ್ತು, ಹೇಳಿದರೆ ದೂರಿದಂತಾಗುತ್ತದೆಂದು ಸುಮ್ಮನಿದ್ದೆ ಎಂದರು. ಈಗ ಆ ದೂರುಗಳನ್ನು ಉಳಿದವರಿಗೆ ಹಂಚಿದರೆ ಅವರೂ ಬಳಲುತ್ತಾರೆ, ಜೊತೆಗೆ ಇವರ ಮೇಲೆ ಅಸಮಾಧಾನವೂ ಹುಟ್ಟುತ್ತದೆ. ಇದನ್ನು ಹೇಗೆ ನಿಭಾಯಿಸಲಿ?

ಉತ್ತರ 5 (ಔದ್ಯೋಗಿಕ ಆರೋಗ್ಯ ವಿಭಾಗದ ಉದ್ಯೋಗಿ)

ಹಂಚಿಕೆಗಿಂತ ಮೊದಲು ಅಧಿಕಾರದ ವಿಷಯವನ್ನು ಕೈಗೆತ್ತಿಕೊಳ್ಳಿ. ಮೂರನೆಯ ಸಲ ಬಂದ ದೂರನ್ನು ನೋಡುವವರು ಯಾರೇ ಆಗಿರಲಿ, ಒಂದು ಮಿತಿಯವರೆಗೆ ಹಣ ಮರಳಿಸುವ ಅಥವಾ ಬದಲಿ ಕೊಡುವ ನಿರ್ಧಾರವನ್ನು ಅವರೇ ತೆಗೆದುಕೊಳ್ಳುವಂತಾದರೆ, ಅದೇ ಕರೆ ಅರ್ಧದಷ್ಟು ಹಗುರವಾಗುತ್ತದೆ. ಮೇಲಿನವರೊಡನೆ ಇದನ್ನು ಚರ್ಚಿಸುವಾಗ ಸದಸ್ಯರ ಆರೋಗ್ಯದ ಮಾತನ್ನೇ ಎತ್ತಬೇಕಾಗಿಲ್ಲ. ಒಂದೇ ದೂರು ಮತ್ತೆ ಮತ್ತೆ ಬರುವುದರಿಂದ ಸಂಸ್ಥೆಗೆ ಆಗುವ ಖರ್ಚನ್ನು ತೋರಿಸಿದರೆ ಸಾಕು, ಕಡತ ಬೇಗ ಸರಿಯುತ್ತದೆ. ಮೊದಲ ಮತ್ತು ಎರಡನೆಯ ಬಾರಿ ದೂರು ಏಕೆ ಬಗೆಹರಿಯಲಿಲ್ಲ ಎಂಬುದನ್ನೂ ಪರಿಶೀಲಿಸಿ, ಏಕೆಂದರೆ ಅಲ್ಲಿ ಸರಿಹೋದಷ್ಟೂ ಹಂಚಬೇಕಾದ ಹೊರೆ ಕಡಿಮೆಯಾಗುತ್ತದೆ.

ಉಳಿದ ಹೊರೆಯನ್ನು ಸರದಿಯ ಮೇಲೆ ಎಲ್ಲರಿಗೂ ಬರುವಂತೆ ಮಾಡಿ, ಅಂಥ ಒಂದು ದೂರನ್ನು ಸಾಮಾನ್ಯವಾದ ಎರಡು ಅಥವಾ ಮೂರು ದೂರುಗಳಿಗೆ ಸಮವೆಂದು ಲೆಕ್ಕದಲ್ಲಿಯೇ ತೋರಿಸಿ. ತಂಡದ ಸಭೆಯಲ್ಲಿ ಇದನ್ನು ದಾಖಲೆಯ ಸಮೇತ ವ್ಯವಸ್ಥೆಯ ದೋಷವೆಂದು ಮಂಡಿಸಿ, ಯಾರ ಹೆಸರನ್ನೂ ಎತ್ತಬೇಡಿ. ಎಷ್ಟು ದೂರುಗಳಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ತಂಡದವರೇ ಚರ್ಚಿಸಿ ತೀರ್ಮಾನಿಸಲಿ. ತಾವೇ ಮಾಡಿದ ನಿಯಮದ ಬಗ್ಗೆ ಅಸಮಾಧಾನ ಕಡಿಮೆಯಿರುತ್ತದೆ, ಹಿಡಿತ ಎಂದು ನಾನು ಮೇಲೆ ಬರೆದದ್ದೂ ಇದನ್ನೇ.

ಸದಸ್ಯರ ಮಟ್ಟಿಗೆ, ಹೊರೆ ಇಳಿದ ಕೂಡಲೇ ಅವರು ಮೊದಲಿನಂತಾಗುತ್ತಾರೆಂದು ನಿರೀಕ್ಷಿಸಬೇಡಿ. ಕೆಲಸದ ಕಾರಣಕ್ಕೆ ಬಂದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ ಬರ್ನ್‌ಔಟ್ ಎಂಬ ಹೆಸರಿನಲ್ಲಿ ಔದ್ಯೋಗಿಕ ವಿದ್ಯಮಾನವೆಂದು ದಾಖಲಿಸಿದೆ, ಅದನ್ನು ಕಾಯಿಲೆಯೆಂದು ಕರೆದಿಲ್ಲ. ಆದರೆ ಅದೇ ಚಹರೆಯ ಹಿಂದೆ ಚಿಕಿತ್ಸೆ ಬೇಕಾದ ಖಿನ್ನತೆಯೂ ಇರಬಹುದು, ಎರಡನ್ನೂ ಬೇರ್ಪಡಿಸಿ ಹೇಳುವುದು ವೈದ್ಯರಿಗೆ ಬಿಟ್ಟದ್ದು. ಹೊಸ ಹಂಚಿಕೆ ಜಾರಿಗೆ ಬಂದು ಒಂದು ತಿಂಗಳಾದ ಮೇಲೂ ನಿದ್ದೆಗೆಟ್ಟ ಲಕ್ಷಣಗಳು ಮುಂದುವರಿದರೆ, ವೈದ್ಯರನ್ನು ಕಾಣಲು ಕೆಲಸದ ವೇಳೆಯಲ್ಲಿಯೇ ಬಿಡುವು ಕೊಡುವುದಾಗಿ ತಿಳಿಸಿ. ಆ ಒಂದು ತಿಂಗಳ ನಂತರದ ಭೇಟಿಯ ದಿನವನ್ನು ಈಗಲೇ ಇಬ್ಬರ ಕ್ಯಾಲೆಂಡರಿನಲ್ಲಿಯೂ ಗುರುತು ಹಾಕಿಕೊಳ್ಳಿ, ನಡುವೆ ಬೇರೆ ಮೀಟಿಂಗ್ ಬಂದರೆ ಅದನ್ನು ಮುಂದೂಡಿ, ಇದನ್ನಲ್ಲ.